ಸೊನ್ನೆ ಏಳರ ಮನೆ

ನಮ್ಮ ಕರ್ಲೂ ಬೇ ಎಂಬ ಕಡಲೂರಿನಲ್ಲಿ ಯಾರೂ ಮನೆಯ ಫೋನ್ ನಂಬರನ್ನು ಪೂರ್ತಿ ಹೇಳುವುದಿಲ್ಲ. ಮೊದಲ ಅಂಕಿಗಳು ಊರಿಗೆಲ್ಲ ಒಂದೇ, ಕೊನೆಯ ಎರಡು ಹೇಳಿದರೆ ಸಾಕು. ಹಿಂದೆ ಪೋಸ್ಟಾಫೀಸಿನಲ್ಲಿ ಒಬ್ಬಾಕೆ ಕೂತು ತಂತಿ ಸಿಕ್ಕಿಸಿ ಮಾತಾಡಿಸುತ್ತಿದ್ದ ಕಾಲದಲ್ಲಿ ಯಾರ ಮನೆಗೆ ಮೊದಲು ಫೋನ್ ಬಂದಿತ್ತೋ ಅವರದು ಸಣ್ಣ ನಂಬರು. ನಂಬರು ಸಣ್ಣದಾದಷ್ಟೂ ಮನೆತನ ದೊಡ್ಡದು. ನನ್ನ ಬೇಕರಿಯದು ಎಂಬತ್ತೆಂಟು. ನನ್ನಪ್ಪ ಇದೇ ಊರಲ್ಲಿ ಹುಟ್ಟಿದವನಾದರೂ ನಾವಿನ್ನೂ ನಿನ್ನೆ ಮೊನ್ನೆ ಬಂದವರ ಲೆಕ್ಕ.

ಟ್ರೆಲೋರ್ ಮನೆಯದು ಸೊನ್ನೆ ಏಳು. ಆ ಮನೆಯ ಸೊಸೆ ನೋಲಾ ಫೋನ್ ಎತ್ತಿ ‘ಹಲೋ’ ಎಂದದ್ದನ್ನು ನಾನು ಕೇಳಿಲ್ಲ. ‘ಸೊನ್ನೆ ಏಳು’ ಎನ್ನುತ್ತಾಳೆ, ರಾಣಿ ಬಾಗಿಲು ತೆಗೆದ ಹಾಗೆ. ಅವಳು ಹುಟ್ಟಿದ ಮನೆಯಲ್ಲಿ ಫೋನೇ ಇರಲಿಲ್ಲ. ಅಪ್ಪ ಬೇರೆಯವರ ಬಾರ್ಲಿ ಹೊಲ ಉಳುತ್ತಿದ್ದ. ಡಾಕ್ಟರನ್ನು ಕರೆಯಬೇಕಾದರೆ ಪಕ್ಕದ ಹೊಲದವರ ಬಾಗಿಲು ತಟ್ಟಬೇಕಿತ್ತು. ಕ್ಲೆಮ್ ಟ್ರೆಲೋರ್‌ನನ್ನು ಮದುವೆಯಾಗಿ ಬಂದ ಮೇಲೆ ಅವಳಿಗೆ ಸಿಕ್ಕಿದ ಒಡವೆ ಅಂದರೆ ಆ ನಂಬರೇ.

ಒಡವೆ ಸಿಕ್ಕಿದರೂ ನೆಮ್ಮದಿ ಸಿಗಲಿಲ್ಲ, ಯಾಕೆಂದರೆ ಕ್ಲೆಮ್‌ಗೊಬ್ಬಳು ಅಕ್ಕ ಇದ್ದಳು. ಗ್ವೆಂಡಾ ಮದುವೆಯಾಗಿ ಹೋದದ್ದು ಎದುರಿನ ಪ್ಯಾಸ್ಕೋ ಮನೆಗೆ, ರಸ್ತೆ ದಾಟಿದರೆ ಆಯಿತು. ಗ್ವೆಂಡಾಳ ಗುಲಾಬಿಗೆ ಹುಳ ಬೀಳದು. ಚರ್ಚಿನ ಸಂತರ್ಪಣೆಗೆ ಎಲ್ಲರೂ ಒಂದೊಂದು ತಟ್ಟೆ ತಿಂಡಿ ತರುತ್ತೇವಲ್ಲ, ಅದರಲ್ಲಿ ಮೊದಲು ಖಾಲಿಯಾಗುವುದು ಗ್ವೆಂಡಾಳ ತಟ್ಟೆ. ಅತ್ತ ಅವಳ ಸ್ಪಾಂಜ್ ಕೇಕ್ ಉಬ್ಬಿದರೆ ಇತ್ತ ನೋಲಾಳ ಹೊಟ್ಟೆ ಉರಿಯುತ್ತಿತ್ತು. ಪ್ಯಾಸ್ಕೋಗಳದು ಐವತ್ತೆಂಟು ಅನ್ನುವುದೊಂದೇ ಅವಳಿಗೆ ತಂಪು.

ಆ ತಂಪಿನಲ್ಲೂ ಒಂದು ಕೆಂಡ. ಸೊನ್ನೆ ಏಳಕ್ಕೆ ಫೋನ್ ಮಾಡುವ ಹಳೆಯ ತಲೆಗಳು ಇವತ್ತಿಗೂ “ಯಾರು, ಗ್ವೆಂಡಾನಾ?” ಎಂದೇ ಕೇಳುತ್ತವೆ. ಅಲ್ಲ, ನೋಲಾ ಎಂದರೆ ಒಂದು ಗುಟುಕು ಮೌನ, ಆಮೇಲೆ “ಓ, ನೋಲಾನಾ.” ಆ ‘ಓ’ ಕೇಳಿ ಕೇಳಿ ಅವಳ ಎದೆಗೆ ಜಡ್ಡು ಬಿದ್ದಿತ್ತು.

ಹೀಗಿರುವಾಗ ತಾಮ್ರದ ತಂತಿ ತೆಗೆದುಹಾಕುತ್ತಾರೆ, ಎಲ್ಲರೂ ಇಂಟರ್‌ನೆಟ್ ಫೋನಿಗೆ ಬದಲಾಗಬೇಕು ಎಂದು ಊರಿಗೆ ಸುದ್ದಿ ಬಂತು. ಮೊದಲು ಬದಲಾದವಳು ಯಾರೆಂದು ಹೇಳಬೇಕಾಗಿಲ್ಲ. ಗ್ವೆಂಡಾ ಚಹಾಕ್ಕೆ ಕರೆದು ಹೊಸ ಫೋನ್ ತೋರಿಸಿದಳು. ನೀಲಿ ಬೆಳಕಿನ ಪುಟ್ಟ ಕಿಟಕಿಯಲ್ಲಿ, ಫೋನ್ ಮಾಡಿದವರ ಹೆಸರೇ ಮೂಡುತ್ತಿತ್ತು.

“ಯಾರು ಅಂತ ಮೊದ್ಲೇ ಗೊತ್ತಾಗುತ್ತೆ ನೋಲಾ. ಬೇಡದೋರಾದ್ರೆ ಎತ್ತೋದೇ ಇಲ್ಲ.”

“ನಂದು ಯಾವತ್ತು ಎತ್ತದೆ ಬಿಟ್ಟಿದ್ದೀಯ ನೀನು?”

“ಬಿಟ್ಟಾಗ ನಿಂಗೆಲ್ಲಿ ಗೊತ್ತಾಗುತ್ತೆ ಬಿಡು,” ಎಂದು ಗ್ವೆಂಡಾ ಕೇಕಿನ ತಟ್ಟೆ ಮುಂದೆ ತಳ್ಳಿದಳು.

ನೋಲಾ ಮುಟ್ಟಲಿಲ್ಲ. ಮರುದಿನವೇ ಅದಕ್ಕಿಂತ ದೊಡ್ಡ ಕಿಟಕಿಯ ಫೋನ್ ತರಿಸಲು ಹೊಸ ಕಂಪನಿಯವರೊಡನೆ ಮಾತಾಡಿದಳು. ನಿಮ್ಮ ನಂಬರು ತಾನಾಗಿ ಹೊಸ ಫೋನಿಗೆ ಬರುತ್ತದೆ, ಅಲ್ಲಿಯವರೆಗೆ ಹಳೆಯ ಲೈನಿನ ಸುದ್ದಿಗೇ ಹೋಗಬೇಡಿ ಎಂದು ಅವರು ಬಿಡಿಸಿ ಹೇಳಿದ್ದರು.

ಆದರೆ ಯಾರನ್ನಾದರೂ ಬಿಡುವುದಾದರೆ ಮುಖ ಕೊಟ್ಟು ಹೇಳಿ ಬಿಡಬೇಕು ಎನ್ನುವುದು ನಮ್ಮೂರಿನ ಮರ್ಯಾದೆ. ಹೇಳದೆ ಕೇಳದೆ ಬೇರೆ ಕಟುಕನ ಹತ್ತಿರ ಮಾಂಸ ತಂದವರನ್ನು ಇಲ್ಲಿ ಯಾರೂ ಮಾತಾಡಿಸುವುದಿಲ್ಲ. ನೋಲಾ ಪೇಟೆಯ ಪ್ಯಾಕೆಟ್ ಬ್ರೆಡ್ಡಿಗೆ ತಿರುಗಿದಾಗಲೂ ಅಷ್ಟೆ, ಚರ್ಚಿಗೆ ಹೋಗುವ ಕೋಟು ತೊಟ್ಟು ನನ್ನ ಅಂಗಡಿಗೆ ಬಂದು, “ಇನ್ಮೇಲೆ ನಿನ್ನ ಬ್ರೆಡ್ ತಗೊಳಲ್ಲ ಕಣೆ ಐಲೀನ್, ಕ್ಲೆಮ್‌ನ ಹಲ್ಲಿಗೆ ಆಗ್ತಿಲ್ಲ. ಇಷ್ಟು ವರ್ಷ ಚೆನ್ನಾಗಿ ನೋಡ್ಕೊಂಡೆ,” ಎಂದು ಕೈ ಕುಲುಕಿ ಹೋದವಳು. ನನಗೆ ಮೈಯೆಲ್ಲ ಉರಿದಿತ್ತು, ಆದರೂ ಮೆಚ್ಚಬೇಕಾದ ನಡತೆ.

ಅದೇ ನಡತೆಯನ್ನು ಹಳೆಯ ಫೋನ್ ಕಂಪನಿಯವರಿಗೂ ತೋರಿಸಿದಳು. ಫೋನ್ ಮಾಡಿ, ನಿಮ್ಮಿಂದ ಬಹಳ ಉಪಕಾರವಾಯಿತು, ಇನ್ನು ನಾವು ಬೇರೆ ಕಡೆ ಹೋಗುತ್ತಿದ್ದೇವೆ ಎಂದಳು. ಹೆಸರು ಕೇಳಿದರು, ಮಿಸೆಸ್ ಟ್ರೆಲೋರ್ ಎಂದಳು. ಲೈನ್ ಮುಚ್ಚಬೇಕಾ ಎಂದರು, ಹೂಂ ಎಂದಳು. ಮುಚ್ಚಿದರು. ಸಂಜೆಯ ಹೊತ್ತಿಗೆ ಸೊನ್ನೆ ಏಳು ಸತ್ತುಹೋಗಿತ್ತು. ಹೊಸ ಕಂಪನಿಯವರು, ಮುಚ್ಚಿದ ನಂಬರನ್ನು ತರಲು ನಮ್ಮಿಂದಾಗದು, ಬೇಕಾದರೆ ಬೇರೆ ನಂಬರು ಕೊಡುತ್ತೇವೆ ಎಂದರು. ಅದರ ಕೊನೆ ತೊಂಬತ್ತೊಂದು.

ತೊಂಬತ್ತೊಂದು! ನನ್ನ ಬೇಕರಿಗಿಂತಲೂ ಕೆಳಗೆ. ನನಗೆ ಒಳಗೊಳಗೇ ಖುಷಿಯಾಗಲಿಲ್ಲ ಎಂದರೆ ಸುಳ್ಳಾದೀತು.

ನೋಲಾ ನನ್ನ ಬೇಕರಿಗೆ ಬಂದು ಅಲ್ಲಿಂದ ಹಳೆಯ ಕಂಪನಿಗೆ ಮತ್ತೆ ಫೋನ್ ಹಚ್ಚಿದಳು. ನಂಬರನ್ನು ಸ್ವಲ್ಪ ದಿನ ತೆಗೆದಿಟ್ಟಿರುತ್ತೇವೆ, ಯಾರ ಹೆಸರಿನಲ್ಲಿದೆಯೋ ಅವರೇ ಕೇಳಬೇಕು ಎಂದರು. ಹೆಸರು ಇನ್ನೂ ಅತ್ತೆ ವೆರಿಟಿ ಟ್ರೆಲೋರ್‌ದೇ ಆಗಿತ್ತು. ಸತ್ತು ಮಣ್ಣಾದವಳ ಹೆಸರನ್ನು ತೆಗೆಸಬೇಕೆಂದು ಕ್ಲೆಮ್‌ಗೆ ಯಾವತ್ತೂ ತೋಚಿರಲಿಲ್ಲ. ಮುಚ್ಚಲು ಹೆಸರು ಸಾಕಾಗಿತ್ತು, ತೆರೆಯಲು ಜಾತಕವೇ ಬೇಕಾಯಿತು. ನೋಲಾ ತಾನೇ ವೆರಿಟಿ ಎಂದು, ಗೋರಿಯ ಕಲ್ಲಿನ ಮೇಲಿದ್ದ ಹುಟ್ಟಿದ ದಿನವನ್ನು ಹೇಳಿದಳು. ತಪ್ಪು ಎಂದು ಫೋನ್ ಇಟ್ಟರು.

“ಕಲ್ಲಿನ ಮೇಲೆ ಕೆತ್ತಿರೋದು ತಪ್ಪಾಗುತ್ತಾ?” ಎಂದು ನನ್ನ ಅಂಗಡಿಯಲ್ಲಿ ನಿಂತು ಕೇಳಿದಳು. ಕಣ್ಣು ಕೆಂಪಾಗಿತ್ತು. “ಐಲೀನ್, ಆ ನಂಬರ್ ಹೋದ್ರೆ ನಾನು ಬರೀ ಆ ಉಳೋನ ಮಗಳು.”

“ಗ್ವೆಂಡಾಗೆ ಗೊತ್ತಿರುತ್ತೆ. ಕೇಳು.”

“ಸಾಯ್ತೀನಿ ಬೇಕಾದ್ರೆ.”

ಸಾಯಲಿಲ್ಲ. ಒಬ್ಬಳೇ ಹೋಗಲು ಅಭಿಮಾನ ಅಡ್ಡ ಬಂತೆಂದು ನನ್ನನ್ನೂ ಎಳೆದುಕೊಂಡು ರಸ್ತೆ ದಾಟಿದಳು. ಗ್ವೆಂಡಾ ಎಲ್ಲ ಕೇಳಿಸಿಕೊಂಡು ಮೊದಲು ಚೆನ್ನಾಗಿ ನಕ್ಕಳು.

“ಅಮ್ಮ ವಯಸ್ಸಲ್ಲಿ ಮೂರು ವರ್ಷ ಕದ್ದಿದ್ಲು ಕಣೆ. ಅಪ್ಪನಿಗಿಂತ ದೊಡ್ಡೋಳು ಅಂತ ಯಾರಿಗೂ ಗೊತ್ತಾಗ್ಬಾರ್ದು ಅಂತ ಕಲ್ಲಿನ ಮೇಲೂ ಅದನ್ನೇ ಹಾಕಿಸ್ಕೊಂಡ್ಲು. ನಿಜವಾದ್ದು ಕಾಗದಪತ್ರದಲ್ಲಿ ಮಾತ್ರ ಇತ್ತು, ನಂಗೊಬ್ಳಿಗೆ ಹೇಳಿದ್ಲು.”

“ನಿಂಗೊಬ್ಳಿಗೆ ಹೇಳಿರ್ತಾರೆ, ಇನ್ಯಾರಿಗೆ ಹೇಳ್ತಾರೆ,” ಎಂದಳು ನೋಲಾ.

“ಸುಮ್ನಿರು. ನೀನು ಮಾತಾಡಿದ್ರೆ ಪೊಲೀಸ್ರನ್ನ ಕರೀತಾರೆ.”

ಗ್ವೆಂಡಾ ಹೊಸ ಫೋನ್ ಎತ್ತಿದಳು. ಬಾಯಿ ತೆರೆದಳೋ ಇಲ್ಲವೋ, ನನ್ನ ಕತ್ತಿನ ಹಿಂದೆ ರೋಮ ಎದ್ದಿತು. ಥೇಟ್ ವೆರಿಟಿಯಮ್ಮನ ದನಿ, ಅದೇ ಎಳೆತ, ಅದೇ ದರ್ಪ. ಹುಟ್ಟಿದ ದಿನ ಹೇಳಿದಳು, ತಾಯಿಯ ತವರಿನ ಹೆಸರು ಹೇಳಿದಳು. ಆ ಕಡೆಯ ಹುಡುಗಿಯ ಮಾತು ನಮಗೂ ಕೇಳುತ್ತಿತ್ತು.

“ಮೇಡಂ, ಇದ್ರ ಪ್ರಕಾರ ನಿಮಗೆ ನೂರಾ ಮೂರು ವರ್ಷ.”

“ಹೌದು ತಾಯಿ. ಅದಕ್ಕೇ ಜಾಸ್ತಿ ಕಾಯಿಸ್ಬೇಡ.”

ಹುಡುಗಿ ಕಕ್ಕಾಬಿಕ್ಕಿಯಾಗಿ ಏನೇನೋ ಒತ್ತಿದಳು. ನಂಬರು ಸಿಕ್ಕಿತು, ಯಾವ ವಿಳಾಸಕ್ಕೆ ಜೋಡಿಸಬೇಕು ಎಂದು ಕೇಳಿದಳು.

ಗ್ವೆಂಡಾಳ ಕಣ್ಣು ಕಿಟಕಿಯಾಚೆ ತಾನು ಹುಟ್ಟಿದ ಮನೆಯ ಮೇಲಿತ್ತು. ಗ್ವೆಂಡಾ ತನ್ನ ವಿಳಾಸ ಹೇಳಿದ್ದರೆ ಯಾರೂ ತಡೆಯುವಂತಿರಲಿಲ್ಲ, ಆ ಮನೆಯಲ್ಲಿ ಹುಟ್ಟಿದ ಮಗಳ ಹಕ್ಕು ಎಂದು ಊರೇ ಒಪ್ಪುತ್ತಿತ್ತು. ಆಮೇಲೆ ಅವಳು ನಿಧಾನವಾಗಿ ಎದುರುಮನೆಯ ವಿಳಾಸ ಹೇಳಿ ಫೋನ್ ಇಟ್ಟಳು.

“ಯಾಕೆ?” ಎಂದಳು ನೋಲಾ. ಥ್ಯಾಂಕ್ಸ್ ಹೇಳುವ ಬುದ್ಧಿ ಅವಳಿಗೆ ಆ ಕ್ಷಣಕ್ಕೆ ಬರಲಿಲ್ಲ.

“ಪ್ರತಿ ಬುಧವಾರ ನೀನು ಮೈದಾನಕ್ಕೆ ಬೋಲ್ಸ್ ಆಡೋಕೆ ಹೋಗ್ತೀಯ, ಕ್ಲೆಮ್ ದೋಣಿ ತಗೊಂಡು ಮೀನಿಗೆ ಹೋಗ್ತಾನೆ. ಆಗ ನಾನು ಸೊನ್ನೆ ಏಳಕ್ಕೆ ಫೋನ್ ಮಾಡ್ತೀನಿ. ಯಾರೂ ಎತ್ತಲ್ಲ ಅಂತ ಗೊತ್ತು. ಅಮ್ಮ ಹಿತ್ಲಲ್ಲಿ ಬಟ್ಟೆ ಹರವ್ತಾ ಇದ್ದಾಳೆ, ಕೈ ಒರೆಸ್ಕೊಂಡು ಬರ್ತಾ ಇದ್ದಾಳೆ ಅಂದ್ಕೊಂಡು ಸ್ವಲ್ಪ ಹೊತ್ತು ಹಿಡ್ಕೊಂಡಿರ್ತೀನಿ. ಆ ನಂಬರ್ ನನ್ನ ಮನೇಗೆ ಬಂದ್ಬಿಟ್ರೆ ನಾನು ಯಾರಿಗೆ ಫೋನ್ ಮಾಡ್ಲಿ?”

ನೋಲಾ ಎದ್ದು ಹೊರಟಳು. ರಸ್ತೆಯ ನಡುವೆ ನಿಂತು ನನ್ನ ತೋಳು ಹಿಂಡಿದಳು.

“ನೋಡಿದ್ಯಾ? ಒಳ್ಳೇತನದಲ್ಲೂ ನನ್ನ ಸೋಲಿಸಿಬಿಟ್ಲು. ಇಟ್ಕೊಂಡಿದ್ರೆ ಹಾಯಾಗಿ ಬೈಕೊಂಡಿರ್ತಿದ್ದೆ.”

ನಂಬರು ಬಂತು, ದೊಡ್ಡ ಕಿಟಕಿಯ ಫೋನೂ ಬಂತು. ಆಮೇಲೊಂದು ಬುಧವಾರ ನೋಲಾಳ ಮಂಡಿ ಊದಿಕೊಂಡಿತ್ತು, ಬೋಲ್ಸ್‌ಗೆ ಹೋಗಿರಲಿಲ್ಲ. ನಾನು ಮಾಂಸ ತುಂಬಿ ಬೇಯಿಸಿದ ಪ್ಯಾಸ್ಟಿ ಕೊಡಲು ಹೋಗಿದ್ದೆ. ಹಜಾರದಲ್ಲಿ ಫೋನ್ ಬಡಿದುಕೊಂಡಿತು. ಕಿಟಕಿಯಲ್ಲಿ ಗ್ವೆಂಡಾಳ ಹೆಸರು.

ನೋಲಾಳ ಕೈ ಅಭ್ಯಾಸಬಲದಿಂದ ಮುಂದೆ ಹೋಯಿತು, ಅರ್ಧದಲ್ಲೇ ನಿಂತಿತು. ನನ್ನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು.

“ಎತ್ತು,” ಎಂದು ಪಿಸುಗುಟ್ಟಿದೆ ನಾನು.

“ಎತ್ತಿದ್ರೆ ನಾನು ಸಿಕ್ತೀನಿ,” ಎಂದಳು ಅವಳು. “ಅವಳಿಗೆ ಬೇಕಾಗಿರೋದು ನಾನಲ್ಲ.”

ಆ ಮಾತಿನಲ್ಲಿದ್ದದ್ದು ಹೊಟ್ಟೆಕಿಚ್ಚೇ. ಆದರೂ ಗಂಟೆ ತಾನಾಗಿ ನಿಲ್ಲುವವರೆಗೆ ಅವಳು ಕೈ ಹಿಂದೆ ಕಟ್ಟಿಕೊಂಡು, ಊದಿದ ಮಂಡಿಯನ್ನೂ ಲೆಕ್ಕಿಸದೆ ನಿಂತೇ ಇದ್ದಳು.