ರೈಲು ದಾಟುವ ತನಕ

ಬೆಂಗಳೂರಿನ ಉತ್ತರದ ಅಂಚಿನ ಸಿಂಗಾಪುರದಲ್ಲಿ ಮುನೀಂದ್ರನ ಮನೆ ಎಲ್ಲಿ ಎಂದು ಕೇಳಿದರೆ ಹಳಬರು ಯಾವ ಮುನೀಂದ್ರ ಎಂದು ತಿರುಗಿ ಕೇಳುತ್ತಾರೆ. ಗಿಟಾರ್ ಮುನೀಂದ್ರ ಎಂದರೆ ಸಾಕು, ಗೇಟಿನ ತನಕ ಬಂದು ಬಿಟ್ಟು ಹೋಗುತ್ತಾರೆ. ಹೋಗುವಾಗ ಒಂದು ನಗು ನಗುತ್ತಾರೆ, ಅರ್ಧ ಅಕ್ಕರೆ, ಅರ್ಧ ಗೇಲಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಕೊಟ್ಟಿಗೆಯಲ್ಲಿ ದನ ಎಮ್ಮೆ ನೋಡಿಕೊಂಡು ನಿವೃತ್ತನಾದ ಮನುಷ್ಯ ಹೆಗಲು ಮುಟ್ಟುವ ಬಿಳಿ ಕೂದಲು ಬಿಟ್ಟುಕೊಂಡು ಸೊಪ್ಪು ತರಲು ಹೊರಟರೆ ನಗದೆ ಏನು ಮಾಡುತ್ತಾರೆ? ಹೆಂಡತಿ ಆಶಾರಾಣಿ ಮದುವೆಯಾದ ಹೊಸತರಲ್ಲಿ ಕತ್ತರಿಸಿಕೊಳ್ಳಿ ಎಂದು ಹೇಳಿ ಹೇಳಿ ಸೋತು, ಕೊನೆಗೆ ಎಣ್ಣೆಯನ್ನಾದರೂ ಹಚ್ಚಿಕೊಳ್ಳಿ ಎಂಬಲ್ಲಿಗೆ ರಾಜಿಯಾದಳು.

ಅವನು ಹಾಡುವುದು ರಾಕ್. ಅದೂ ಕನ್ನಡದಲ್ಲಿ. ರಾಕ್ ಎಂದರೆ ಇಂಗ್ಲಿಷ್ ಎಂದು ಇಡೀ ಬೆಂಗಳೂರು ನಂಬಿಕೊಂಡಿದ್ದ ಕಾಲದಲ್ಲೇ ಅವನು ಕಾಲೇಜಿನ ಒಂದು ಹಟಮಾರಿ ಎಮ್ಮೆಯ ಮೇಲೆ ಹಾಡು ಕಟ್ಟಿ, ಹಾಸ್ಟೆಲ್ ಹುಡುಗರನ್ನು ಕುಣಿಸಿದವನು. ಆಗ ಅಭ್ಯಾಸ ನಡೆಯುತ್ತಿದ್ದದ್ದು ಯಶವಂತಪುರದ ರೈಲು ಹಳಿಯ ಪಕ್ಕದಲ್ಲಿ, ಗೆಳೆಯ ಖುದ್ದೂಸನ ಅಣ್ಣ ಇಟ್ಟಿದ್ದ ತಗಡಿನ ಗ್ಯಾರೇಜಿನಲ್ಲಿ. ಭಾನುವಾರ ವೆಲ್ಡಿಂಗ್ ಇರುತ್ತಿರಲಿಲ್ಲ, ಅದರ ಬದಲು ಇವರ ಗದ್ದಲ ಇರುತ್ತಿತ್ತು. ಖುದ್ದೂಸ್ ಡ್ರಮ್ಸ್ ಬಾರಿಸುತ್ತಿದ್ದ. ಉಳಿದವರಲ್ಲಿ ಒಬ್ಬ ಬ್ಯಾಂಕು ಸೇರಿದ, ಇನ್ನೊಬ್ಬ ದುಬೈ ಸೇರಿದ, ಮತ್ತೊಬ್ಬ ಮಾವನ ಅಂಗಡಿ ಸೇರಿ ದಪ್ಪಗಾದ. ಇವರಿಬ್ಬರು ಮಾತ್ರ ಬುದ್ಧಿ ಕಲಿಯಲಿಲ್ಲ.

ಆ ಗ್ಯಾರೇಜಿನಲ್ಲಿ ಒಂದು ಪದ್ಧತಿ ಬೆಳೆದಿತ್ತು. ಬಾಗಿಲು ತೆರೆದ ಕೂಡಲೇ ಮೊದಲು ಎಮ್ಮೆಯ ಹಾಡು. ಅದರ ಎರಡನೇ ಚರಣ ಮುಗಿಯುವುದಕ್ಕೂ ಗೂಡ್ಸ್ ಗಾಡಿ ಬರುವುದಕ್ಕೂ ಸರಿಹೋಗುತ್ತಿತ್ತು. ತಗಡೆಲ್ಲ ಗಡಗಡ ಎನ್ನುವಾಗ ಹಾಡಿ ಏನು ಪ್ರಯೋಜನ? ಎಲ್ಲರೂ ಕೈ ಎತ್ತಿ ಸುಮ್ಮನಾಗುತ್ತಿದ್ದರು. ಗಾಡಿ ದಾಟಿದ ಮೇಲೆ ಮತ್ತೆ ಒಟ್ಟಿಗೇ ಶುರು. ಆತುರಪಟ್ಟು ಮುಂಚೆ ನುಗ್ಗಿದವನು ಎಲ್ಲರಿಗೂ ಟೀ ಕುಡಿಸಬೇಕು. ಈ ಅಭ್ಯಾಸ ಎಷ್ಟು ಮೈಗೂಡಿತ್ತೆಂದರೆ, ರೈಲೇ ಇಲ್ಲದ ವೇದಿಕೆಗಳ ಮೇಲೂ ಅದೇ ಜಾಗದಲ್ಲಿ ನಿಲ್ಲಿಸುತ್ತಿದ್ದರು. ಕೇಳುವವರು ಇದೇನೋ ಹೊಸ ಶೈಲಿ ಎಂದುಕೊಂಡು ಚಪ್ಪಾಳೆ ತಟ್ಟುತ್ತಿದ್ದರು.

ಹರೆಯದಲ್ಲಿ ಒಂದು ಕ್ಯಾಸೆಟ್ ಬಂದಿತ್ತು. ಆಮೇಲೆ ಸಂಸಾರ, ಡ್ಯೂಟಿ, ಕರು ಹಾಕಿಸುವ ಕೆಲಸ. ನಿವೃತ್ತಿಯಾದ ಮೇಲೆ ಮುನೀಂದ್ರನಿಗೆ ಒಂದೇ ಆಸೆ ಹಿಡಿಯಿತು: ಸ್ಟುಡಿಯೋದಲ್ಲಿ ಕೂತು, ಹಳತು ಹೊಸತು ಸೇರಿಸಿ, ನೆಟ್ಟಗೆ ಒಂದು ಆಲ್ಬಮ್ ಮಾಡಬೇಕು. ಡ್ರಮ್ಸಿಗೆ ಖುದ್ದೂಸನೇ ಬೇಕು. ಆರ್.ಟಿ. ನಗರದಲ್ಲಿ ಅತೀಯಾ ಎಂಬ ಹೆಣ್ಣುಮಗಳು ಸ್ಟುಡಿಯೋ ನಡೆಸುತ್ತಿದ್ದಳು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಮರ್ಯಾದೆ. ಮುನೀಂದ್ರನನ್ನು ಅಂಕಲ್ ಎಂದು, ಖುದ್ದೂಸನನ್ನು ಚಾಚಾ ಎಂದು ಕರೆದು, ಇಬ್ಬರಿಗೂ ಸಕ್ಕರೆ ಇಲ್ಲದ ಟೀ ತರಿಸುತ್ತಿದ್ದಳು.

ತೊಂದರೆ ಮೊದಲ ದಿನವೇ ಕಾಣಿಸಿತು. ಹೆಡ್‌ಫೋನಿನಲ್ಲಿ ತಾಳಕ್ಕೆ ಟಿಕ್ ಟಿಕ್ ಎಂಬ ಸದ್ದು ಬರುತ್ತದೆ, ಅದನ್ನು ಹಿಡಿದು ಬಾರಿಸಬೇಕು. ಖುದ್ದೂಸ್ ಒಮ್ಮೆ ಅದಕ್ಕಿಂತ ಮುಂದೆ ಓಡುತ್ತಿದ್ದ, ಒಮ್ಮೆ ಹಿಂದೆ ಉಳಿಯುತ್ತಿದ್ದ. ಒಂದು ಕಡೆ ಡ್ರಮ್ಸು, ಇನ್ನೊಂದು ಕಡೆ ವಾರವಿಡೀ ಅಣ್ಣನ ಗ್ಯಾರೇಜಿನಲ್ಲಿ ಬಡಿದ ಸುತ್ತಿಗೆ, ಎರಡೂ ಸೇರಿ ಅವನ ಕಿವಿಯನ್ನು ತಿಂದುಹಾಕಿದ್ದವು. ಅವನು ಅದನ್ನು ಯಾರಿಗೂ ಹೇಳಿರಲಿಲ್ಲ. ಏನು ಕೇಳಿದರೂ ನಗುತ್ತಿದ್ದ, ತಲೆಯಾಡಿಸುತ್ತಿದ್ದ. ಟೀ ಬೇಕಾ ಎಂದರೂ ನಗು, ತಪ್ಪಾಯಿತು ಎಂದರೂ ನಗು.

ಅತೀಯಾ ಮುನೀಂದ್ರನನ್ನು ಪಕ್ಕಕ್ಕೆ ಕರೆದಳು. ಚಾಚಾಗೆ ಕಿವಿ ಸರಿಯಾಗಿ ಕೇಳುತ್ತಿಲ್ಲ, ಡ್ರಮ್ಸನ್ನು ಕಂಪ್ಯೂಟರಿನಲ್ಲೇ ಹಾಕಬಹುದು, ಯಾರಿಗೂ ಗೊತ್ತಾಗುವುದಿಲ್ಲ, ಇಲ್ಲವಾದರೆ ಈ ಆಲ್ಬಮ್ ಮುಗಿಯುವುದಿಲ್ಲ ಎಂದಳು. ಆಮೇಲೆ ದನಿ ತಗ್ಗಿಸಿ, "ಚಾಚಾಗೆ ನೀವೇ ಹೇಳ್ಬಿಡಿ ಅಂಕಲ್. ನನ್ ಕೈಲಾಗಲ್ಲ," ಎಂದಳು.

ಮನೆಗೆ ಬಂದ ಮುನೀಂದ್ರ ಊಟಕ್ಕೆ ಕೂತರೂ ಮುದ್ದೆ ಮುರಿಯಲಿಲ್ಲ. ಆಶಾರಾಣಿ ವಿಷಯ ಕೇಳಿ ತಿಳಿದುಕೊಂಡು, ಸಾರು ಬಡಿಸುತ್ತಲೇ, "ಆಲ್ಬಮ್ಮೂ ನಿಮ್ದೇ, ಸ್ನೇಹಿತನೂ ನಿಮ್ಮೋನೇ. ಯಾವ್ದಿಲ್ದೆ ಇರ್ತೀರ ನೀವೇ ನೋಡ್ಕೊಳ್ಳಿ," ಎಂದಳು. ಅವಳ ಮಾತು ಯಾವಾಗಲೂ ಹೀಗೇ, ಸಹಾಯ ಮಾಡಿದಂತೆಯೂ ಇರುತ್ತದೆ, ಮಾಡದಂತೆಯೂ ಇರುತ್ತದೆ.

ಮರುದಿನ ಬೆಳಿಗ್ಗೆ ಖುದ್ದೂಸನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟ. ದಾರಿಯಲ್ಲೇ ಹೇಳಿಬಿಡಬೇಕು ಎಂದು ಮನಸ್ಸು ಗಟ್ಟಿ ಮಾಡಿದ್ದ. ಹೆಬ್ಬಾಳದ ಫ್ಲೈಓವರಿನ ಮೇಲೆ ಗಾಡಿಗಳು ಕದಲದೆ ನಿಂತಾಗ ಒಳ್ಳೆಯ ಅವಕಾಶವೂ ಸಿಕ್ಕಿತು. ಆದರೆ ಹೇಳುವುದೇನಿದ್ದರೂ ಕೂಗಿ ಹೇಳಬೇಕು. ನೀನು ಬೇಡ ಎಂಬ ಮಾತನ್ನು ಅಷ್ಟೊಂದು ಜನರ ಮಧ್ಯೆ ಕೂಗಿ ಹೇಳುವುದು ಹೇಗೆ? ಹಿಂದಿನಿಂದ ಖುದ್ದೂಸ್ ಅವನ ಬೆನ್ನ ಮೇಲೆ ಬೆರಳಿನಿಂದ ಎಮ್ಮೆಯ ಹಾಡಿನ ತಾಳ ಹಾಕುತ್ತಾ ಕೂತಿದ್ದ.

ಸ್ಟುಡಿಯೋ ಮುಟ್ಟಿದ ಮೇಲೆ ಮುನೀಂದ್ರ ಬಾಯಿ ತೆರೆಯುವ ಮುಂಚೆ ಖುದ್ದೂಸನೇ ಮಾತಾಡಿದ.

"ನನ್ ಕಿವಿ ಹೋಗಿದೆ ಅಂತ ನಿಂಗೆ ಗೊತ್ತಾಗಿದೆ ಕಣೋ ಮುನಿ. ನೆನ್ನೆನೇ ನಿನ್ ಮುಖ ನೋಡ್ದೆ. ಮಿಷಿನ್ ಹಾಕ್ಕೋ, ನಂಗೇನ್ ಬೇಜಾರಿಲ್ಲ. ಹೋಗೋ ಮುಂಚೆ ಒಂದೇ ಒಂದ್ ಸಲ ಎಮ್ಮೆ ಬಾರಿಸ್ಬಿಡ್ತೀನಿ."

ಬೇಜಾರಿಲ್ಲ ಎಂದವನ ಕಣ್ಣು ಬೇರೆಯೇ ಹೇಳುತ್ತಿತ್ತು. ಮುನೀಂದ್ರ ಇಬ್ಬರ ಹೆಡ್‌ಫೋನನ್ನೂ ತೆಗೆದಿಟ್ಟ. ತನ್ನ ಸ್ಟೂಲನ್ನು ಎಳೆದು, ಗ್ಯಾರೇಜಿನಲ್ಲಿ ಕೂರುತ್ತಿದ್ದ ಹಾಗೆ, ಅವನಿಗೆ ಎದುರಾಗಿ ಹಾಕಿಕೊಂಡ. ಗಾಜಿನ ಆಚೆ ಅತೀಯಾ ನೆನಪಿಗಿರಲಿ ಎಂದು ರೆಕಾರ್ಡಿಂಗ್ ಹಾಕಿದಳು.

ಶುರುವಾಯಿತು. ಖುದ್ದೂಸನ ಕೈ ಇವತ್ತು ಎಲ್ಲೂ ಎಡವಲಿಲ್ಲ. ಮುನೀಂದ್ರನ ದನಿ ಒಡೆದಿತ್ತು, ಆದರೆ ಎಮ್ಮೆಯ ಮೇಲಿನ ಹಾಡಿಗೆ ಒಡೆದ ದನಿಯೇ ಒಪ್ಪುತ್ತಿತ್ತು. ಎರಡನೇ ಚರಣ ಮುಗಿಯಿತು. ಇಬ್ಬರೂ ಕೈ ಎತ್ತಿದರು.

ಸದ್ದೇ ಇಲ್ಲ. ಹೊರಗಿನ ಸದ್ದು ಬರದಂತೆ ಹತ್ತಿ ತುಂಬಿದ ಗೋಡೆಗಳ ಆ ಕೋಣೆಯಲ್ಲಿ ರೈಲೆಲ್ಲಿಂದ ಬರಬೇಕು? ಇಬ್ಬರು ಮುದುಕರು ಬಾರದ ಗೂಡ್ಸ್ ಗಾಡಿಗೆ ಕಾಯುತ್ತಾ ಕೂತರು. ಮರೆತುಬಿಟ್ಟರೇನೋ ಎಂದು ಅತೀಯಾ ಕುರ್ಚಿಯಿಂದ ಅರ್ಧ ಎದ್ದಳು. ಅಷ್ಟರಲ್ಲಿ ಗಿಟಾರೂ ಡ್ರಮ್ಸೂ ಒಟ್ಟಿಗೇ ಬಿದ್ದವು, ಕೂದಲೆಳೆಯಷ್ಟೂ ಹಿಂದೆ ಮುಂದೆ ಇಲ್ಲದೆ.

ಹಾಡು ಮುಗಿದಾಗ ಮುನೀಂದ್ರನಿಗೆ ಆಶ್ಚರ್ಯ ತಡೆಯಲಾಗಲಿಲ್ಲ. ಹತ್ತಿರ ಬಾಗಿ, ಕಿವಿ ಕೇಳದವನು ಸರಿಯಾದ ಹೊತ್ತಿಗೆ ಹೇಗೆ ಬಂದೆ ಎಂದು ಕೂಗಿ ಕೇಳಿದ.

"ನೀನು ಶುರು ಮಾಡೋಕ್ ಮುಂಚೆ ಉಸಿರು ಎಳ್ಕೋತೀಯ, ಎಡಗಡೆ ಭುಜ ಮೇಲಕ್ಕೇಳತ್ತೆ," ಎಂದ ಖುದ್ದೂಸ್. "ನಾನ್ ಯಾವತ್ತೂ ಅದನ್ನೇ ನೋಡೋದು."

ಮುನೀಂದ್ರ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ಮತ್ತೆ ಅವನ ಕಿವಿಯ ಹತ್ತಿರ ಬಾಗಿದ. "ನಾನು ಇಷ್ಟ್ ವರ್ಷನೂ ನಿನ್ ಕಾಲ್ ನೋಡ್ಕೊಂಡು ಶುರು ಮಾಡ್ತಿದ್ದೆ ಕಣೋ. ಹಂಗಾದ್ರೆ ರೈಲು ಹೋಯ್ತು ಅಂತ ನೋಡ್ತಿದ್ದೋರ್ ಯಾರು?"

"ರೈಲ್ವೆಯೋರು ನೋಡ್ಕೋತಿದ್ರು ಬಿಡು."

ಇಬ್ಬರೂ ನಕ್ಕರು. ಈ ಸಲ ಖುದ್ದೂಸನ ನಗು ಕೇಳಿಸಿಕೊಂಡವನ ನಗುವಾಗಿತ್ತು. ಅತೀಯಾ ಒಳಗೆ ಬಂದು, ಟಿಕ್ ಟಿಕ್ ಸದ್ದನ್ನು ತೆಗೆದುಹಾಕುತ್ತೇನೆ, ಎಲ್ಲಾ ಹಾಡನ್ನೂ ಹೀಗೇ ಎದುರುಬದುರು ಕೂತು ಬಾರಿಸಿ ಎಂದಳು. ಒಂದು ವಿಷಯಕ್ಕೆ ಮಾತ್ರ ಜಗಳ ಆಡಿದಳು. ಅಷ್ಟು ಉದ್ದದ ಮೌನ ಬಿಟ್ಟರೆ ಕೇಳುವವರು ಹಾಡು ಮುಗಿಯಿತೆಂದು ಮುಂದಿನದಕ್ಕೆ ಹೋಗುತ್ತಾರೆ, ಕತ್ತರಿಸೋಣ ಎಂಬುದು ಅವಳ ವಾದ. ಹೋಗುವವರು ಹೋಗಲಿ, ಕಾಯುವವರು ಕಾಯುತ್ತಾರೆ ಎಂದು ಮುನೀಂದ್ರ ಒಪ್ಪಲಿಲ್ಲ.

ಆಲ್ಬಮ್ ಹೊರಬಂದ ದಿನ ಅವನು ಮೊದಲು ಹೋದದ್ದು ಖುದ್ದೂಸನ ಮನೆಗೆ. ಸ್ಪೀಕರನ್ನು ಟೀಪಾಯಿಯ ಮೇಲಿಟ್ಟು ದೊಡ್ಡದಾಗಿ ಹಾಕಿದ. ಖುದ್ದೂಸನ ಕಿವಿ ಅಷ್ಟರಲ್ಲಿ ಪೂರ್ತಿ ಹೋಗಿತ್ತು. ಅವನು ಸ್ಪೀಕರಿನ ಮೇಲೆ ಅಂಗೈ ಇಟ್ಟು, ಅದರ ನಡುಕವನ್ನು ಹಿಡಿದು, ತಲೆದೂಗುತ್ತಾ ಕೂತ. ಎಮ್ಮೆಯ ಹಾಡಿನ ಎರಡನೇ ಚರಣ ಮುಗಿದಾಗ ನಡುಕ ನಿಂತಿತು. ಅವನು ಕೈ ತೆಗೆದು ಮುನೀಂದ್ರನ ಕಡೆ ನೋಡತೊಡಗಿದ. ಮುನೀಂದ್ರ ತನಗೆ ಗೊತ್ತಿಲ್ಲದೆಯೇ ಉಸಿರು ಎಳೆದುಕೊಂಡ. ಎಡಭುಜ ಎದ್ದಿತು.

ಖುದ್ದೂಸ್ ಕೈಯನ್ನು ಮತ್ತೆ ಸ್ಪೀಕರಿನ ಮೇಲಿಟ್ಟ. ಹಾಡು ಸರಿಯಾಗಿ ಆಗಲೇ ಶುರುವಾಯಿತು.