ಎತ್ತಿಗೆ ಬೈಯುತ್ತಿದ್ದ ಮಾದೇಗೌಡರು

ಮಾದೇಗೌಡರು ನನಗೆ ಒಂದು ದಿನವೂ ಬೈದವರಲ್ಲ. ಬೈಗುಳವೆಲ್ಲ ಅವರ ಎತ್ತಿಗೆ. ಮಯಿಲ ಎಂದು ಅದರ ಹೆಸರು. ಬೂದು ಮೈಯ, ಒಂದು ಕೊಂಬು ಮುರಿದ ಮುದಿ ಪ್ರಾಣಿ. ನಾನು ಗುದ್ದಲಿ ಹಿಡಿದ ರೀತಿ ಸರಿಯಿಲ್ಲವೆಂದರೆ, ಗೌಡರು ನಮ್ಮಿಬ್ಬರ ಹೊಲದ ನಡುವಿನ ಬದುವಿನ ಮೇಲೆ ಎತ್ತನ್ನು ನಿಲ್ಲಿಸಿಕೊಂಡು, ನನಗೆ ಬೆನ್ನು ಹಾಕಿ ಶುರು ಮಾಡುತ್ತಿದ್ದರು: "ಏನ್ಲಾ ಮಯಿಲ, ಗುದ್ದಲಿ ಅಂದ್ರೆ ಬಾಚಣಿಗೆ ಅಂದ್ಕಂಡಿದ್ದೀಯಾ? ಭೂಮಿಗೆ ತಲೆ ಬಾಚ್ತಾ ಇದ್ದೀಯಲ್ಲ." ಎತ್ತು ಮೆಲುಕು ಹಾಕುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು. ನಾನು ಮುಖ ಕೆಂಪಗೆ ಮಾಡಿಕೊಂಡು ಹಿಡಿತ ಬದಲಾಯಿಸುತ್ತಿದ್ದೆ. ನೇಕಾರರ ಕುಲದ, ನಾಲ್ಕಕ್ಷರ ಬಲ್ಲ ನನ್ನಂಥ ಚೆಟ್ಟಿಯಾರನ ಮುಖಕ್ಕೆ ನೇರವಾಗಿ ಬೈಯಬಾರದು ಎಂಬುದು ಅವರ ಮರ್ಯಾದೆ.

ಇದು ಎಂಬತ್ತರ ದಶಕದ ನಡುವಿನ ಮಾತು. ನಾನು ಪೆರಿಯನಾಯಕನಪಾಳ್ಯಂ ಹತ್ತಿರದ ನೇಕಾರರ ಬೀದಿಯವನು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಚಿಕ್ಕಂದಿನಲ್ಲಿ ಕೊಳ್ಳೇಗಾಲದ ಸೋದರಮಾವನ ಮನೆಯಲ್ಲಿ ನಾಲ್ಕು ವರ್ಷ ಇದ್ದದ್ದರಿಂದ ನನಗೆ ಕನ್ನಡ ಬರೆಯಲು ಬರುತ್ತದೆ, ನಮ್ಮ ಬೀದಿಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಹೆಂಡತಿ ಹೆರಿಗೆಯಲ್ಲಿ ಹೋದಳು, ಮಗುವೂ ಹೋಯಿತು. ಮೂರು ತಿಂಗಳಿಗೇ ಅಣ್ಣಂದಿರು ಇನ್ನೊಂದು ಹೆಣ್ಣಿನ ಮಾತು ತೆಗೆದರು. ಸತ್ತವಳ ಸೀರೆಗಳನ್ನು ಅತ್ತಿಗೆ ಆಗಲೇ ಉಡತೊಡಗಿದ್ದಳು. ಒಂದು ಬೆಳಿಗ್ಗೆ ಮಗ್ಗದ ಗುಂಡಿಯಿಂದ ಎದ್ದವನೇ, ನನ್ನ ಪಾಲು ಕೊಟ್ಟುಬಿಡಿ, ಇನ್ನು ಈ ಬಾಗಿಲು ತುಳಿಯುವುದಿಲ್ಲ ಎಂದೆ. ಆ ಪಾಲಿಗೆ ನನಗೆ ದಕ್ಕಿದ್ದು ತೊಂಡಾಮುತ್ತೂರಿನಾಚೆ ಬೆಟ್ಟದ ಬುಡದಲ್ಲಿ ಒಂದೂವರೆ ಎಕರೆ ಒಣನೆಲ, ಒಂದು ಹಳೆಯ ಬಾವಿ, ತೆಂಗಿನಗರಿ ಹೊದಿಸಿದ ಒಂದು ಸಾಳೆ. ತೋಟದ ಮನೆಗೆ ಆ ಕಡೆ ಹಾಗೆನ್ನುತ್ತಾರೆ. ನೇಯ್ಗೆ ಬಿಟ್ಟು ಬೇರೇನೂ ಗೊತ್ತಿಲ್ಲದ ನನಗೆ ಅಲ್ಲಿ ನೆಲೆ ನಿಲ್ಲುವುದೊಂದೇ ಬೇಕಾಗಿತ್ತು. ಸೋತು ವಾಪಸು ಹೋಗಿ ಅಣ್ಣಂದಿರ ಮುಂದೆ ನಿಲ್ಲುವುದಕ್ಕಿಂತ ಸಾಯುವುದು ಮೇಲು ಎಂದುಕೊಂಡಿದ್ದೆ.

ಗೌಡರು ಪಕ್ಕದ ಹೊಲದವರು. ಅರವತ್ತರ ಮೇಲಿನ ವಯಸ್ಸು, ಒಣಗಿದ ಉದ್ದ ಮೈ, ಕಿವಿಯಲ್ಲಿ ಕಡಕು. ಅವರ ಹಿರೀಕರು ಯಾವ ಕಾಲದಲ್ಲೋ ಮೈಸೂರು ಸೀಮೆಯಿಂದ ದನ ಹೊಡೆದುಕೊಂಡು ಬಂದು ನಿಂತವರಂತೆ. ಅವರ ಬಾಯಲ್ಲಿ ಕನ್ನಡಕ್ಕೆ ಕನ್ನಡವೆಂಬ ಹೆಸರೇ ಇರಲಿಲ್ಲ, ಬರೀ 'ನಮ್ಮ ಮಾತು'. ಬಂದ ದಿನ ನಾನು ಮೂಟೆ ಇಳಿಸುತ್ತಾ ನನ್ನಷ್ಟಕ್ಕೆ ಏನೋ ಶಪಿಸಿಕೊಂಡದ್ದನ್ನು ಬದುವಿನ ಮೇಲಿಂದ ಕೇಳಿಸಿಕೊಂಡು, "ಅಟ, ನೀವೂ ನಮ್ಮ ಮಾತಾ?" ಎಂದು ಕೇಳಿದ್ದೇ ನಮ್ಮ ಮೊದಲ ಪರಿಚಯ. ಹೆಂಡತಿ ರಂಗಮ್ಮ ಮತ್ತು ಅವರು, ಇಬ್ಬರೇ. ಎರಡು ಹೆಣ್ಣುಮಕ್ಕಳನ್ನು ಉಡುಮಲೈ ಕಡೆಗೆ ಕೊಟ್ಟಿದ್ದರು.

ಮೊದಲ ತಿಂಗಳಲ್ಲೇ ನಾನು ಅವರ ಬಾಯಿಗೆ ಸಿಕ್ಕಿಬಿದ್ದೆ. ಆ ಕಡೆ ಹೊಲಕ್ಕೆ ಬೇಲಿಯೆಂದರೆ ಕಿಳುವೆ. ಅದರ ರೆಂಬೆ ಕಡಿದು ನೆಟ್ಟರೆ ಸಾಕು, ಮಳೆ ಬಿದ್ದಾಗ ಚಿಗುರಿ ಮುಳ್ಳಿನ ಗೋಡೆಯೇ ಆಗುತ್ತದೆ. ನಾನು ನಾಲ್ಕು ದಿನ ಬೆನ್ನು ಮುರಿದುಕೊಂಡು ಮೂಡಲ ಬದಿಗೆಲ್ಲ ನೆಟ್ಟೆ. ಕೋಲಿನ ಸಣ್ಣ ತುದಿ ನೆಲಕ್ಕೆ ಸಲೀಸಾಗಿ ಇಳಿಯುತ್ತದಲ್ಲ, ಅದನ್ನೇ ಚುಚ್ಚುತ್ತಾ ಹೋದೆ. ಸಾಲು ಮಾತ್ರ ನೂಲು ಹಿಡಿದಷ್ಟು ನೇರ. ಐದನೆಯ ದಿನ ಗೌಡರು ಬಂದು ಸಾಲಿನುದ್ದಕ್ಕೂ ನಡೆದರು, ವಾಪಸು ಬಂದರು, ಹಿಂದೆಯೇ ಮಯಿಲ. ಆಮೇಲೆ ಎತ್ತಿನ ಕಡೆ ತಿರುಗಿ, "ನಿನ್ನ ತಲೆಕೆಳಗಾಗಿ ಊತಾಕಿದ್ರೆ ಬಾಲದಲ್ಲಿ ಉಲ್ಲು ಮೇಯ್ತೀಯೇನ್ಲಾ?" ಎಂದರು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಇನ್ನೂರು ಗೂಟ, ಒಂದೊಂದೂ ತಲೆಕೆಳಗು! ನಾನು ಅಲ್ಲೇ ಕುಕ್ಕರಿಸಿದೆ. ಗೌಡರು ಪಂಚೆ ಎತ್ತಿ ಕಟ್ಟಿ ಮೊದಲನೆಯದನ್ನು ಕಿತ್ತರು. ಎರಡು ದಿನ ನನ್ನ ಜೊತೆ ನಿಂತು ಎಲ್ಲವನ್ನೂ ತಿರುಗಿಸಿ ನೆಟ್ಟರು. ನಾನು ಕಾಸಿಕೊಟ್ಟ ಕಾಫಿಯನ್ನು ಪೂರ್ತಿ ಕುಡಿದು, ಇದು ಕಾಫಿಯಲ್ಲ ಎಂದು ಎತ್ತಿಗೆ ತಿಳಿಸಿದರು.

ಕೆಲಸವಿದ್ದಷ್ಟು ಹೊತ್ತು ಹೇಗೋ ನಡೆಯುತ್ತಿತ್ತು. ಬೆಳಿಗ್ಗೆ ಬಾವಿಯಿಂದ ನೀರು ಸೇದುವುದು, ಬಿದ್ದ ಗರಿ ಹೆಣೆಯುವುದು, ನೆಲ ಸಾರಿಸುವುದು, ಗೆದ್ದಲು ಹಿಡಿದ ಕಂಬ ಕೆರೆಯುವುದು. ಮಧ್ಯಾಹ್ನ ಊಟವಾದ ಮೇಲೆ ಮಾತ್ರ ಬದುಕೇ ಬೇಡವೆನಿಸುತ್ತಿತ್ತು. ಜಗಲಿಯಲ್ಲಿ ಕುಳಿತರೆ ಕಾಲು ತಾನಾಗಿ ಮಗ್ಗದ ಮೆಟ್ಟು ತುಳಿಯುತ್ತಿತ್ತು. ಮೂರು ದಿನ ಯಾರೊಂದಿಗೂ ಮಾತಾಡದೆ ಇದ್ದು ಅಂಗಡಿಗೆ ಹೋಗಿ ಬಾಯಿ ತೆರೆದರೆ ದನಿಯೇ ಹೊರಡುತ್ತಿರಲಿಲ್ಲ. ಎರಡನೆಯ ವರ್ಷ ಬಿತ್ತಿದ ಜೋಳವನ್ನು ನವಿಲುಗಳು ಸಾಲು ಹಿಡಿದು ಕೆದಕಿ ತಿಂದುಹೋದವು. ಮತ್ತೆ ಬಿತ್ತಿದೆ, ಮತ್ತೆ ತಿಂದವು. ಆವತ್ತು ಮಂಚದ ಮೇಲೆ ಬಿದ್ದುಕೊಂಡವನು ಏಳಲಿಲ್ಲ. ಏಳುವುದಕ್ಕೆ ಒಂದು ಕಾರಣ ಹುಡುಕಿದೆ, ಸಿಗಲಿಲ್ಲ, ಅಷ್ಟೇ.

ಮೂರನೆಯ ಬೆಳಿಗ್ಗೆ ಗೌಡರು ಬಂದರು. ಜೊತೆಗೆ ಎತ್ತು ಇರಲಿಲ್ಲ. ಬಾಗಿಲಲ್ಲಿ ನಿಂತು ನೇರ ನನ್ನ ಮುಖ ನೋಡಿದರು.

"ಚೆಟ್ಟಿಯಾರೆ, ನಿಮ್ಮ ಸಾಳೆ ಮ್ಯಾಲೆ ಎರಡು ದಿನದಿಂದ ಹೊಗೆ ಕಾಣ್ತಿಲ್ಲ."

ಅಡುಗೆ ಮಾಡಲು ಮನಸ್ಸಿಲ್ಲ ಎಂದೆ.

"ಅಡುಗೆ ಬೇಡಾಂದ್ರೆ ಬೇಡ. ಬರೀ ನೀರಾದ್ರೂ ಕಾಯಿಸಿ. ಬೆಳಗಾದ್ರೆ ನಂಗೆ ಹೊಗೆ ಕಾಣ್ಬೇಕು. ಕಾಣ್ದಿದ್ರೆ ಅಲ್ಲಿ ನಂಗೆ ಹಿಟ್ಟು ಇಳಿಯಲ್ಲ."

ಅವರೇ ಒಲೆಯ ಮುಂದೆ ಕುಳಿತು ಸೌದೆ ಜೋಡಿಸಿದರು. ಅನ್ನ ಬೇಯುವವರೆಗೆ ಅಲ್ಲಾಡಲಿಲ್ಲ, ನಾನು ಉಣ್ಣುವವರೆಗೂ ಎದ್ದುಹೋಗಲಿಲ್ಲ. ಒಂದು ಸಮಾಧಾನದ ಮಾತಾಡಲಿಲ್ಲ, ನನಗೂ ಅದು ಬೇಕಿರಲಿಲ್ಲ. ಮಾರನೆಯ ದಿನದಿಂದ ಮಧ್ಯಾಹ್ನ ರಂಗಮ್ಮ ಒಂದು ರಾಗಿ ಹಿಟ್ಟಿನ ಉಂಡೆ, ಸೊಪ್ಪಿನ ಸಾರು ತಂದು ಜಗಲಿಯಲ್ಲಿಡುತ್ತಿದ್ದಳು. ಅವಳಿಗೆ ನಾನು ಚೆಟ್ಟಿಯಾರನೂ ಅಲ್ಲ, ಏನೂ ಅಲ್ಲ, ಮೊದಲ ದಿನದಿಂದಲೇ ತಂಬಿ, ಅಂದರೆ ತಮ್ಮ. ನಾನು ಅವಳನ್ನು ಅಕ್ಕ ಎಂದೆ. ಬದುಕಬಹುದೇನೋ ಎಂದು ನನಗೆ ಅನ್ನಿಸಿದ್ದು ಆ ಒಂದು ವರ್ಷವೇ.

ಮೂರನೆಯ ಬೇಸಿಗೆಗೆ ಬಾವಿಯ ನೀರು ಬರೀ ಕೆಸರಾಯಿತು. ಹೂಳು ತೆಗೆದರೆ ಒರತೆ ಬಾಯಿಬಿಡುತ್ತದೆ, ಇಲ್ಲದಿದ್ದರೆ ಕುಡಿಯುವುದಕ್ಕೂ ಇಲ್ಲ, ನಾನು ಗಂಟುಮೂಟೆ ಕಟ್ಟಬೇಕು. ಊರಲ್ಲಿ ಕಡಲೆಕಾಯಿ ಕೀಳುವ ಕಾಲ, ಒಬ್ಬ ಆಳೂ ಸಿಗಲಿಲ್ಲ. ನಾವಿಬ್ಬರೇ ಸಾಕು ಎಂದರು ಗೌಡರು. ಬಾವಿಯ ಗೋಡೆಯಲ್ಲಿ ಚಾಚಿದ ಕಲ್ಲುಮೆಟ್ಟಿಲು ಮುಕ್ಕಾಲು ಆಳದವರೆಗೆ ಮಾತ್ರ. ಅಲ್ಲಿಂದ ಕೆಳಗೆ ಬೋಳು ಬಂಡೆ, ಹಗ್ಗ ಹಿಡಿದೇ ಇಳಿಯಬೇಕು. ನಾನು ಇಳಿಯುತ್ತೇನೆಂದರೆ ಎತ್ತಿನ ಕಡೆ ನೋಡಿ ನಕ್ಕುಬಿಟ್ಟರು. ಮೇಲಿನ ಬೇವಿನ ಬುಡಕ್ಕೆ ಕಟ್ಟಿ ಇಳಿಬಿಡಲು ಹಗ್ಗ ಸಾಲದೆ ಬಂತು. ಎರಡು ತುಂಡು ಸೇರಿಸಿ ಎಂದು ನನಗೆ ಹೇಳಿ, ಅವರು ಹೂಳೆತ್ತುವ ಬುಟ್ಟಿಗೆ ರಾಟೆಯ ಹಗ್ಗ ಕಟ್ಟಲು ಹೋದರು.

ಮಗ್ಗದಲ್ಲಿ ದಿನವೆಲ್ಲ ಎಳೆ ತುಂಡಾಗುತ್ತಲೇ ಇರುತ್ತದೆ. ನೇಕಾರನ ಗಂಟು ಬಟ್ಟೆಯಲ್ಲಿ ಕಾಣಬಾರದು, ಹಣಿಗೆಯ ಹಲ್ಲಿಗೆ ಸಿಕ್ಕಬಾರದು. ಅದಕ್ಕೇ ಹಾಕಿದ ಕೂಡಲೇ ಗಂಟಿನಾಚೆ ಉಳಿದ ಎರಡೂ ಬಾಲವನ್ನು ಬುಡಕ್ಕೆ ಕತ್ತರಿಸಿಬಿಡುತ್ತೇವೆ. ಏಳನೆಯ ವಯಸ್ಸಿನಲ್ಲಿ ನನ್ನ ಕೈ ಕಲಿತ ಕೆಲಸ. ನಾರಿನ ಹಗ್ಗಕ್ಕೂ ಅದೇ ಗಂಟು ಹಾಕಿದೆ, ಬಿಗಿದೆ, ಕುಡುಗೋಲಿನಿಂದ ಎರಡೂ ಬಾಲ ನುಣ್ಣಗೆ ಕೊಯ್ದೆ. ದಪ್ಪ ಹಗ್ಗದಲ್ಲಿ ಗಂಟು ನಿಲ್ಲುವುದೇ ಆ ಬಾಲಗಳಿಂದ ಎಂದು ಹೊಲದಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ನನಗೆ ಗೊತ್ತಿರಲಿಲ್ಲ. ಗೌಡರು ಬಂದು ಅದರ ಮೇಲೆ ಹೆಬ್ಬೆರಳು ಆಡಿಸಿದರು. "ಗಂಟೇ ಕಾಣ್ತಿಲ್ವಲ್ಲ ಚೆಟ್ಟಿಯಾರೆ. ಕೈ ಅಂದ್ರೆ ಕೈ" ಎಂದರು. ಮೂರು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಇವನಿಗೆ ನಿಜವಾಗಿ ಗೊತ್ತಿರುವ ಕೆಲಸ ಇದೊಂದು, ಇದನ್ನಾದರೂ ನಂಬೋಣ ಎಂದುಕೊಂಡರೋ ಏನೋ.

ಇಳಿಯುವಾಗ ಗಂಟು ಹಿಡಿಯಿತು. ಅವರು ಕೆಳಗೆ ಹೂಳು ತುಂಬುತ್ತಿದ್ದಷ್ಟು ಹೊತ್ತು ಆ ಹಗ್ಗ ಸಡಿಲವಾಗಿ ನೇತಾಡಿತು. ನಾನು ಎಳೆಯುವ ಬುಟ್ಟಿ ಪ್ರತಿ ಸಲವೂ ಅದಕ್ಕೆ ತಗುಲಿ ಅಲ್ಲಾಡಿಸಿತು. ನಾನು ನೋಡುತ್ತಲೇ ಇದ್ದೆ, ಏನೂ ಅನ್ನಿಸಲಿಲ್ಲ. ಬಿಸಿಲು ನೆತ್ತಿಗೆ ಬಂದಾಗ ಗಂಜಿ ಕುಡಿಯೋಣವೆಂದು ಆ ಹಗ್ಗ ಹಿಡಿದು ಹತ್ತತೊಡಗಿದರು. ಎಲ್ಲಕ್ಕಿಂತ ಕೆಳಗಿನ ಕಲ್ಲುಮೆಟ್ಟಿಲಿಗೆ ಇನ್ನೊಂದು ಮೊಳವಿತ್ತು. ಗಂಟು ಬಿಚ್ಚಿಕೊಂಡಿತು. ಮೇಲಿದ್ದ ನನಗೆ ಮೊದಲು ಕೇಳಿಸಿದ್ದು ಅವರು ಬಂಡೆಯ ಮೇಲೆ ಬಿದ್ದ ಸದ್ದು.

ಹೇಗೆ ಇಳಿದೆನೋ ನೆನಪಿಲ್ಲ. ಕೊನೆಗೆ ಜಾರಿ ಬಿದ್ದು ಕೆಸರಲ್ಲಿ ತೆವಳಿಕೊಂಡು ಹೋದೆ. ಗೌಡರು ಅಂಗಾತ ಬಿದ್ದಿದ್ದರು, ಕಣ್ಣು ತೆರೆದಿತ್ತು, ಕೈಯಲ್ಲಿ ಹಗ್ಗದ ತುಂಡು ಹಾಗೇ ಇತ್ತು.

"ನನ್ನ ಕಾಲು ಎಲ್ಲೈತೆ ನೋಡು ತಂಬಿ. ನಂಗೆ ತಿಳೀತಿಲ್ಲ."

ಅವರು ನನ್ನನ್ನು ತಂಬಿ ಎಂದದ್ದು ಅದೇ ಮೊದಲು. ಕಾಲು ಇದ್ದಲ್ಲೇ ಇತ್ತು. ನಾನು ಮುಟ್ಟಿದೆ, ಅವರಿಗೆ ತಿಳಿಯಲಿಲ್ಲ. ಆಮೇಲೆ ಹಗ್ಗದ ತುದಿಯನ್ನು ಮುಖದ ಹತ್ತಿರ ಹಿಡಿದು ನೋಡಿದರು. "ಬಾಲ ಕುಯ್ದುಬಿಟ್ಟೆಯಾ" ಎಂದರು, ಅಷ್ಟೇ. ಬೈಗುಳದ ಸುಳಿವೇ ಇರಲಿಲ್ಲ. ಸ್ವಲ್ಪ ಹೊತ್ತು ಉಸಿರೆಳೆದುಕೊಂಡು ಹೇಳಿದರು:

"ಕಾಲು ಜಾರ್ತು ಅಂತ ನಾನು ಯೋಳ್ತೀನಿ. ನೀನೂ ಅಂಗೇ ಯೋಳು. ಹಗ್ಗದ ಮಾತು ತೆಗೆದ್ರೆ ನಮ್ಮೋರು ನಿನ್ನ ಇಲ್ಲಿ ಇರಾಕೆ ಬಿಡಲ್ಲ."

ನಾನು ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಅವರ ಕಣ್ಣೆದುರಿಗೇ ಆ ತುಂಡನ್ನು ಕೆಸರಿನಲ್ಲಿ ಹೂತೆ, ಆಮೇಲೆ ರಾಟೆಯ ಹಗ್ಗ ಹಿಡಿದು ಮೇಲೆ ಹತ್ತಿ, ಬೇವಿಗೆ ಕಟ್ಟಿದ್ದ ತುಂಡನ್ನೂ ಬಿಚ್ಚಿ ಅಡಗಿಸಿ, ಕಿರುಚುತ್ತಾ ಜನರನ್ನು ಕರೆದೆ. ರಂಗಮ್ಮ ಬದುಕಿರುವವರೆಗೂ ಇದನ್ನು ಯಾರಿಗೂ ಹೇಳಿದವನಲ್ಲ. ಅವಳು ಹೋಗಿ ಎರಡು ವರ್ಷವಾಯಿತು, ಅದಕ್ಕೇ ಈಗ ಬರೆಯುತ್ತಿದ್ದೇನೆ, ಅದೂ ಆ ಊರಿನಲ್ಲಿ ಯಾರಿಗೂ ಓದಲು ಬರದ ಅಕ್ಷರದಲ್ಲಿ.

ಬೆನ್ನುಮೂಳೆ ಮುರಿದಿದೆ, ಮಾಡುವುದೇನಿಲ್ಲ ಎಂದು ಕೊಯಮತ್ತೂರಿನ ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಏಳು ತಿಂಗಳು ಗೌಡರು ಮಂಚದಲ್ಲಿ ಮಲಗಿದರು. ಮಯಿಲನನ್ನು ಮಾರಿಬಿಟ್ಟರು. ಬಾವಿಯಲ್ಲಿ ನೀರು ಬಂತು, ಒಳ್ಳೆಯ ಸಿಹಿನೀರು. ಅದನ್ನೇ ಕೊಡದಲ್ಲಿ ಹೊತ್ತುಕೊಂಡು ದಿನಕ್ಕೆರಡು ಸಲ ಹೋಗಿ ಅವರ ಮೈ ಒರೆಸುತ್ತಿದ್ದೆ, ಮಗ್ಗುಲು ತಿರುಗಿಸುತ್ತಿದ್ದೆ, ಬೆನ್ನಿನ ಹುಣ್ಣು ತೊಳೆಯುತ್ತಿದ್ದೆ. ಒಡಹುಟ್ಟಿದವರೂ ಹೀಗೆ ನೋಡಿಕೊಳ್ಳುವುದಿಲ್ಲ ಎಂದು ಊರು ಹೊಗಳಿತು. ಬಂದ ನೆಂಟರಿಗೆಲ್ಲ ರಂಗಮ್ಮ, ಈ ತಂಬಿ ಇಳಿದು ಎತ್ತದಿದ್ದರೆ ಆವತ್ತೇ ಹೋಗಿಬಿಡುತ್ತಿದ್ದರು ಎಂದು ನನ್ನನ್ನು ತೋರಿಸಿ ಹೇಳುತ್ತಿದ್ದಳು. ನಾನು ಖಾಲಿ ಕೊಡ ಎತ್ತಿಕೊಂಡು ಹೊರಗೆ ಹೋಗುತ್ತಿದ್ದೆ. ಗೌಡರು ಸೂರು ನೋಡುತ್ತಿದ್ದರು.

ಮಾರ್ಗಳಿ ತಿಂಗಳ ಚಳಿಯಲ್ಲಿ ಒಂದು ಬೆಳಿಗ್ಗೆ, ರಂಗಮ್ಮ ಹಾಲು ಕರೆಯಲು ಹಿತ್ತಲಿಗೆ ಹೋಗಿದ್ದಾಗ, ಇನ್ನು ನನ್ನಿಂದಾಗದು, ಇವತ್ತು ಅಕ್ಕನಿಗೆ ಎಲ್ಲ ಹೇಳಿಬಿಡುತ್ತೇನೆ ಎಂದೆ. ಅವರು ನನ್ನ ಕಡೆ ಮುಖ ತಿರುಗಿಸಿದರು.

"ಯೋಳಿದ್ರೆ ನಿಂಗೆ ಹಗುರಾಯ್ತದೆ, ಶರಿ. ಅವಳಿಗೆ? ನಾನು ಹೋದ್ಮೇಲೆ ಬಾಗಿಲಿಗೆ ಬಂದು 'ಅಕ್ಕಾ' ಅನ್ನಾಕೆ ನೀನೊಬ್ಬನೇ ಇರೋದು. ಅದನ್ನೂ ಕಿತ್ಕೋತೀಯಾ?"

ಗೋಡೆಯ ಕಡೆ ತಿರುಗಿಸು ಎಂದರು. ತಿರುಗಿಸಿದೆ, ಬೆನ್ನಿಗೆ ಹಳೆ ಸೀರೆ ಮಡಿಸಿ ಒತ್ತು ಕೊಟ್ಟೆ. ಮಾರನೆಯ ದಿನ ನಾನು ಹೋಗುವ ಮೊದಲೇ ತೀರಿಕೊಂಡಿದ್ದರು.

ಕರ್ಮದ ದಿನ ಸತ್ತವರ ಹತ್ತಿರದ ಗಂಡಸರ ತಲೆಗೆ ಹೊಸ ಉರುಮಾಲು ಕಟ್ಟುವುದು ಅವರಲ್ಲಿ ಪದ್ಧತಿ. ಗಂಡುಮಕ್ಕಳಿಲ್ಲದ ಮನೆ, ಇಬ್ಬರು ಅಳಿಯಂದಿರು, ಒಬ್ಬ ದಾಯಾದಿ ಸಾಲಾಗಿ ಕುಳಿತರು. ನಾನು ದೂರದಲ್ಲಿ ಚಪ್ಪಲಿಗಳ ಹತ್ತಿರ ನಿಂತಿದ್ದೆ. ರಂಗಮ್ಮ ಒಳಗಿನಿಂದ ಬಂದು, ಇನ್ನೊಂದು ಉರುಮಾಲು ತೆಗೆ ಎಂದು ತನ್ನ ಅಣ್ಣನಿಗೆ ಹೇಳಿದಳು. ಬೇರೆ ಕುಲದವರಿಗೆ ಕಟ್ಟುವುದಿಲ್ಲ ಎಂದು ಅವನು ಗೊಣಗಿದ.

"ಬಾವಿಗೆ ಇಳಿದು ನಮ್ಮೋರ್ನ ಎತ್ಕೊಂಡು ಬಂದೋನು ಅವನು. ಅವನಿಗಿಂತ ಹತ್ತಿರದೋರು ಇಲ್ಲಿ ಯಾರಿದ್ದೀರಿ? ಕಟ್ಟಣ್ಣ."

ಕುಳಿತವರೆಲ್ಲ ತಿರುಗಿ ನನ್ನನ್ನು ನೋಡಿದರು. ಒಬ್ಬ ಅಳಿಯ ಸರಿದು ಜಾಗ ಮಾಡಿದ. ಹೇಳುವುದಿದ್ದರೆ ಅದೇ ಹೊತ್ತು. ಬಾಯಿ ತೆರೆದೂ ತೆರೆದೆ. ರಂಗಮ್ಮ ನನ್ನ ಕಡೆ ನೋಡಿ, "ಬಾ ತಂಬಿ" ಎಂದಳು. ಹೋಗಿ ಸಾಲಿನಲ್ಲಿ ಕುಳಿತೆ. ಅವಳ ಅಣ್ಣ ಬಟ್ಟೆ ಬಿಚ್ಚಿಕೊಂಡು ಬಂದ. ಅವನ ಕೈಗೆ ಅನುಕೂಲವಾಗಲೆಂದು ನಾನು ತಲೆ ತಗ್ಗಿಸಿದೆ.