ಅಣ್ಣ ಹಿಡಿಯದ ಟ್ಯಾಂಕ್

ಶಿಗ್ಗಾಂವಿಯ ಬಸ್ ನಿಲ್ದಾಣದ ಎದುರಿನ ಬಯಲಿನಲ್ಲಿ ಒಂದು ಪಾಕಿಸ್ತಾನಿ ಟ್ಯಾಂಕ್ ನಿಂತಿತ್ತು. ನಮ್ಮ ಸೈನ್ಯ ಯುದ್ಧದಲ್ಲಿ ಹಿಡಿದದ್ದು. ಎಪ್ಪತ್ತೊಂದರ ಯುದ್ಧ ಮುಗಿದು ಒಂದೆರಡು ವರ್ಷಕ್ಕೆ ದೊಡ್ಡ ಲಾರಿಯ ಮೇಲೆ ತಂದು ಇಳಿಸಿದ್ದರು. ಅದೇ ಯುದ್ಧದಲ್ಲಿ ನನ್ನ ಅಣ್ಣ ತೀರಿಕೊಂಡಿದ್ದ. ಅವನ ದೇಹ ನಮ್ಮೂರು ಹಿರೇಬೆಂಡಿಗೇರಿಗೆ ಬರಲೇ ಇಲ್ಲ. ಗಡಿಯಲ್ಲೇ ಎಲ್ಲೋ ದಹನ ಮಾಡಿದರು ಎಂದು ತಿಳಿಯಿತು, ಎಲ್ಲಿ ಎಂದು ತಿಳಿಯಲಿಲ್ಲ. ಮನೆಗೆ ಬಂದದ್ದು ಒಂದು ತಂತಿ, ಆಮೇಲೆ ಒಂದು ಟ್ರಂಕು.

ಟ್ಯಾಂಕ್ ಇಳಿಸಿದ ದಿನ ಭಾಷಣ ಮಾಡಿದವರೊಬ್ಬರು, ಇಂಥ ಟ್ಯಾಂಕುಗಳನ್ನು ಹಿಡಿಯುವಾಗಲೇ ನಮ್ಮ ತಾಲೂಕಿನ ಹುಡುಗ ಪ್ರಾಣ ಕೊಟ್ಟ ಎಂದರು. ಬಾಯಿಂದ ಬಾಯಿಗೆ ಹೋಗುತ್ತ ಅದು ಇದೇ ಟ್ಯಾಂಕ್ ಆಯಿತು. ದಸರೆ ಬರುವ ಹೊತ್ತಿಗೆ ಅದರ ಎಡ ಮಗ್ಗುಲಿನ ತೂತು ಕೂಡ ನನ್ನ ಅಣ್ಣ ಹೊಡೆದ ಗುಂಡಿನದೇ ಆಗಿತ್ತು. ಬೇಕೆಂದು ಯಾರೂ ಸುಳ್ಳು ಹೇಳಿರಲಿಲ್ಲ. ಎಲ್ಲರಿಗೂ ಅದು ಬೇಕಾಗಿತ್ತು, ಅಷ್ಟೇ.

ನಮ್ಮ ಕಡೆ ಮಹಾನವಮಿಗೆ ಖಂಡೇ ಪೂಜೆ. ಕುಡಗೋಲು, ಕೊಡಲಿ, ರಂಟೆ, ಹೊಲಿಗೆ ಮಿಶಿನ್ನು, ಕಬ್ಬಿಣ ಎಂದು ಕಂಡದ್ದಕ್ಕೆಲ್ಲ ಅರಿಷಿಣ ಕುಂಕುಮ. ಅಷ್ಟು ದೊಡ್ಡ ಕಬ್ಬಿಣವನ್ನು ಶಿಗ್ಗಾಂವಿಯ ಮಂದಿ ಸುಮ್ಮನೆ ಬಿಟ್ಟಾರೆಯೇ? ಹಬ್ಬಕ್ಕೆ ಮುಂಚೆ ವರ್ಷಾವರ್ಷ ಅದಕ್ಕೆ ಹಸಿರು ಎಣ್ಣೆಬಣ್ಣ ಬಳಿಯುತ್ತಿದ್ದರು. ಹಬ್ಬದ ದಿನ ಕುಂಬಳಕಾಯಿ ಒಡೆಯುತ್ತಿದ್ದರು. ವೈರಿಯ ಟ್ಯಾಂಕಿಗೆ ದೃಷ್ಟಿಯಾಗದಿರಲಿ ಎಂದು ಕಾಳಜಿ ಮಾಡಿದವರು ಇಡೀ ದೇಶದಲ್ಲಿ ನಾವೇ ಇರಬೇಕು.

ಮೊದಲ ಆರತಿ ನನ್ನ ಅವ್ವನದು. ಮುಂಜಾನೆಯ ಬಸ್ಸಿಗೆ ಬಂದು, ಎತ್ತಿನ ಮೈ ತೊಳೆದ ಹಾಗೆ ಆ ತೂತಿನ ಸುತ್ತ ಕೈಯಾಡಿಸಿ ತೊಳೆಯುತ್ತಿದ್ದಳು. ಅರಿಷಿಣ ಬಳಿದು, ಮನೆಯಿಂದ ತಂದ ಹೋಳಿಗೆಯನ್ನು ತೂತಿನೊಳಗೆ ಇಟ್ಟು, "ಉಣ್ಣಪಾ" ಎನ್ನುತ್ತಿದ್ದಳು. ಆಮೇಲೆಯೇ ಅವಳ ಊಟ. ಅವಳ ಪಾಲಿಗೆ ಅದು ಟ್ಯಾಂಕ್ ಅಲ್ಲ, ಮಗನ ಗದ್ದುಗೆ.

ನಾನೇನು ಕಡಿಮೆ ಇರಲಿಲ್ಲ. ಆಗ ದುಂಡಸಿಯ ಸಾಲಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ಬಸ್ಸು ಎಷ್ಟೇ ತುಂಬಿರಲಿ, ಕಂಡಕ್ಟರ್ ಯಾರನ್ನಾದರೂ ಎಬ್ಬಿಸಿ, "ಟ್ಯಾಂಕಿನ ಅಕ್ಕಾರು ಬಂದ್ರು, ಬರ್ರಿ, ಕುಂತ್ರಿ" ಎನ್ನುತ್ತಿದ್ದ. ಬಾಯಿಮಾತಿಗೆ ಬೇಡ ಅಂದು ಕುಳಿತುಬಿಡುತ್ತಿದ್ದೆ.

ಎಂಬತ್ತರ ಆಚೀಚಿನ ಒಂದು ವರ್ಷ. ಹಳೆಯ ಬಣ್ಣ ರೊಟ್ಟಿಯಷ್ಟು ದಪ್ಪಗಾಗಿ ಪದರು ಪದರಾಗಿ ಏಳುತ್ತಿತ್ತು. ಪೇಂಟರ್ ಈ ಸಲ ಎಲ್ಲ ಕೆರೆದು ಹೊಸದಾಗಿ ಬಳಿಯೋಣ ಎಂದು ಹೊರಟ. ಹಬ್ಬದ ಹಿಂದಿನ ದಿನ ನಾನು ಊರಿಗೆ ಹೋಗಲು ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಲು ಇಳಿದಾಗ ಅವನು ಕೂಗಿದ.

"ಅಕ್ಕಾರ, ಇಲ್ಲಿ ಇಂಗ್ಲೀಷಿನ್ಯಾಗ ಏನೋ ಐತಿ. ಓದಿ ಹೇಳ್ರಿ."

ಅಂಗೈ ಅಗಲದ ಒಂದು ಕಬ್ಬಿಣದ ಪಟ್ಟಿ. ಇಷ್ಟು ವರ್ಷ ನಾವೆಲ್ಲ ಅದನ್ನು ತೇಪೆ ಎಂದುಕೊಂಡಿದ್ದೆವು. ನಮ್ಮದೇ ಪೂಜೆಯ ಬಣ್ಣ ಅದನ್ನು ಮುಚ್ಚಿಟ್ಟಿತ್ತು. ಭಾರತೀಯ ಸೇನೆ ವಶಪಡಿಸಿಕೊಂಡದ್ದು ಎಂದು ಕೊರೆದು, ಕೆಳಗೆ ಪಂಜಾಬಿನ ಒಂದು ಜಾಗದ ಹೆಸರು, ಅದರ ಕೆಳಗೆ ಇಸವಿ ಇತ್ತು. ಅರವತ್ತೈದು.

ಮತ್ತೊಮ್ಮೆ ಓದಿದೆ. ಅರವತ್ತೈದರ ಯುದ್ಧದ ಹೊತ್ತಿಗೆ ಅಣ್ಣ ಏಳನೇ ಇಯತ್ತೆಯಲ್ಲಿ ಓದುತ್ತಿದ್ದ. ಎಮ್ಮೆಯ ಬಾಲ ಹಿಡಿದು ಕೆರೆಯಲ್ಲಿ ಈಜುವ ಹುಡುಗ. ಅವನು ಸೈನ್ಯ ಸೇರುವ ಮೊದಲೇ ಈ ಟ್ಯಾಂಕ್ ನಮ್ಮವರ ಕೈಯಲ್ಲಿತ್ತು. ಇದನ್ನು ಹಿಡಿದವನು ಬೇರೆ ಯಾರೋ.

"ಏನೈತ್ರಿ?"

"ಹಿಡದ ವರ್ಷ."

"ಮ್ಯಾಲೆ ಬಣ್ಣಾ ಹೊಡೀಲೇನ್ರಿ?"

ಅವನ ಮೇಲೆ ಸಿಟ್ಟು ಬಂತು. ಕೆರೆಯಲೇಬೇಕಾಗಿತ್ತೇ ಇವನಿಗೆ? "ಬ್ಯಾಡ, ಹಂಗ ಇರ್ಲಿ" ಎಂದೆ. ದೊಡ್ಡತನದಿಂದೇನೂ ಅಲ್ಲ. ತಪ್ಪು ಉತ್ತರಕ್ಕೆ ಕೆಂಪು ಗೆರೆ ಎಳೆದು ಎಳೆದು ಕೈಗೆ ರೂಢಿಯಾಗಿತ್ತು.

ಮನೆಯಲ್ಲಿ ಅವ್ವ ಹೋಳಿಗೆಗೆ ಹೂರಣ ಅರೆಯುತ್ತಿದ್ದಳು. ಎದುರಿಗೆ ಕುಳಿತು ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ಖರೇ ಏನು?"

"ಖರೇ ಬೇ."

ಇನ್ನಷ್ಟು ಅರೆದು, ಕಲ್ಲಿಗೆ ಅಂಟಿದ್ದನ್ನು ಬೆರಳಿನಿಂದ ಬಳಿದಳು. "ಹಂಗಾರ ನನ್ನ ಮಗ ಎಲ್ಲಿ ಬಿದ್ದಾನ?"

ಅವಳಿಗೆ ಇದ್ದದ್ದೇ ಆ ಒಂದು ಜಾಗ. ಅದನ್ನು ಕಸಿದುಕೊಂಡಿದ್ದೆ, ಬದಲಿಗೆ ಕೊಡಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಮರುದಿನ ಅವ್ವ ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ನನಗಿಂತ ಮೊದಲೇ ಸಿದ್ಧಳಾಗಿ ನಿಂತಿದ್ದಳು. ಬಯಲಿನಲ್ಲಿ ಜನ ದಾರಿ ಬಿಟ್ಟರು. ಎಂದಿನ ಹಾಗೆ ತೊಳೆದಳು, ಅರಿಷಿಣ ಬಳಿದಳು. ಆರತಿ ತಟ್ಟೆ ಕೊಟ್ಟಾಗ ಮಾತ್ರ ಕೈ ಚಾಚಲಿಲ್ಲ.

"ಇದು ನನ್ನ ಮಗ ಹಿಡದಿದ್ದಲ್ಲ. ಆವಾಗ ಅಂವಾ ಸಾಲಿಗೆ ಹೊಂಟಿದ್ದ. ನನ್ನ ಮಗಳು ಓದ್ಯಾಳ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಪಟ್ಟಿ ತೋರಿಸಿದೆ. ವರ್ಷಾವರ್ಷ ಕಾಯಿ ಒಡೆಯುತ್ತಿದ್ದ ಹಿರಿಯರು ಅದರತ್ತ ಕಣ್ಣೆತ್ತಲೂ ಇಲ್ಲ. "ಇರ್ಲಿ ಬಿಡಬೇ ಯವ್ವಾ. ನಮಗ ಇದು ನಿನ್ನ ಮಗನ್ದ. ಎತ್ತು ಆರತಿ."

"ಇದನ್ನ ಹಿಡದಾಂವನ ಅವ್ವನ ಆರತಿ ಇದು," ಎಂದಳು ಅವ್ವ. "ಇಷ್ಟು ವರ್ಷ ನಾ ಎತ್ತೇನಿ. ಆಕಿಗೆ ಯಾರರ ಕರದು ಕೊಟ್ಟಾರೋ ಇಲ್ಲೋ."

ಕೊನೆಗೆ ಬೇರೆ ಹೆಂಗಸರು ಆರತಿ ಎತ್ತಿದರು. ಕುಂಬಳಕಾಯಿ ಒಡೆಯಿತು. ಒಬ್ಬ ಹೆಣ್ಣುಮಗಳು ನನ್ನ ಕಿವಿಯ ಬಳಿ, "ಹಬ್ಬದ ದಿನಾನ ಹೇಳಬೇಕಿತ್ತೇನ್ರಿ?" ಎಂದು ಹೋದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ.

ತಿರುಗಿ ಬರುವಾಗ ಕಂಡಕ್ಟರ್ ಎಂದಿನಂತೆ ಇಬ್ಬರನ್ನು ಎಬ್ಬಿಸಿ ನಮಗೆ ಜಾಗ ಮಾಡಿದ. ಬೇಡ ಅಂದೆ, ಅವನು ಕೇಳಲಿಲ್ಲ. ಊರು ಸಮೀಪ ಬಂತು. ಅವ್ವ ಕೇಳಿದಳು.

"ಆ ಟ್ಯಾಂಕ್ ಹಿಡದ ವರ್ಷ, ದಸರಾ ಯುದ್ಧ ಮುಗದ ಮ್ಯಾಲೆ ಬಂದಿತ್ತೇನು?"

"ಹೂಂ, ಮುಗದ ಮ್ಯಾಲೆ."

"ನಾವು ಹಬ್ಬಾ ಮಾಡಿದ್ವೇನು?"

ನನಗೆ ಚೆನ್ನಾಗಿ ನೆನಪಿತ್ತು. ಅಣ್ಣ ತನ್ನ ಪಾಲಿನ ಹೋಳಿಗೆ ಮುಗಿಸಿ, ನನ್ನ ತಾಟಿನದಕ್ಕೂ ಕೈ ಹಾಕಿದ್ದ. ನಾನು ಅತ್ತಿದ್ದೆ. ಅವ್ವ ನಕ್ಕು ನಕ್ಕು ಕಣ್ಣೊರೆಸಿಕೊಂಡಿದ್ದಳು.

"ಮಾಡಿದ್ವಿ," ಎಂದೆ.

ಅವಳು ತಲೆಯಾಡಿಸಿದಳು. ಮಡಿಲಲ್ಲಿ ಬಟ್ಟೆಯ ಗಂಟು ಹಾಗೇ ಇತ್ತು. ತೂತಿನಲ್ಲಿ ಇಡಲೆಂದು ತಂದ ಹೋಳಿಗೆ ಎಂಬುದು ಆಗ ನನ್ನ ಗಮನಕ್ಕೆ ಬಂತು.

"ಇದನ್ನ ಈಗ ಎಲ್ಲಿ ಇಡ್ಲಿ?" ಎಂದಳು ಅವ್ವ.

ನಾನು ಅದನ್ನು ಇಸಿದುಕೊಂಡು ನನ್ನ ಚೀಲದಲ್ಲಿ ಇಟ್ಟುಕೊಂಡೆ. ಬೇರೆ ಜಾಗ ನನಗೂ ಗೊತ್ತಿರಲಿಲ್ಲ.